ಊಟದ ಸೈರನ್ನಿಗೆ ಎತ್ತುವ ಫೋನು

ಹತ್ತಿಯ ತುದಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಟೇಪ್ ರೆಕಾರ್ಡರಿನ ಹೆಡ್ ಒರೆಸಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಇನ್ನೊಂದು ಚೂರು ತೆಗೆದುಕೊಂಡು ಮತ್ತೆ ಒರೆಸಿದೆ. ಕ್ಯಾಸೆಟ್ ಹಾಕಿ, ರೆಕಾರ್ಡರನ್ನು ಫೋನಿನ ಪಕ್ಕದ ಸ್ಟೂಲಿನ ಮೇಲಿಟ್ಟು, ಊಟದ ಸೈರನ್ನಿಗೆ ಕಾದು ಕುಳಿತೆ.

ಮಾವ ಮುಕುಂದಯ್ಯನವರು ಲೈನ್ ಇನ್‌ಸ್ಪೆಕ್ಟರ್ ಆದ್ದರಿಂದ ಕಾರ್ಗಲ್ ಕಾಲೋನಿಯ ನಮ್ಮ ಮನೆಗೂ ಅಣೆಕಟ್ಟಿನ ಫೋನು ಎಳೆದಿದ್ದರು. ಅದು ಆಫೀಸಿನ ಮಾತಿಗೆ ಮಾತ್ರ. ನಮ್ಮವರು, ಹೂವಯ್ಯ, ಅಣೆಕಟ್ಟಿನ ಗೇಟು ನೋಡಿಕೊಳ್ಳುವ ಕ್ಯಾಬಿನ್ನಿನಲ್ಲಿ ಒಬ್ಬರೇ ಕೂರಬೇಕು. ಅಲ್ಲಿ ರೇಡಿಯೋ, ಟೇಪು ಇಡುವಂತಿಲ್ಲ.

ಮದುವೆಯಾದ ಹೊಸತರಲ್ಲಿ ಅವರು ಒಂದು ಹಾಡು ಹೇಳು ಎಂದಿದ್ದರು. ಆರನೇ ಕ್ಲಾಸಿಗೆ ಶಾಲೆ ಬಿಟ್ಟಮೇಲೆ ನಾನು ಯಾರೆದುರೂ ಹಾಡಿದವಳಲ್ಲ. ಬಾಗಿಲು ಹಾಕಿಕೊಂಡು, ನಿಟ್ಟೂರಿನಲ್ಲಿ ಅಮ್ಮ ಅರಿಶಿನ ಕುಟ್ಟುವಾಗ ಹೇಳುತ್ತಿದ್ದ ಹಾಡನ್ನು ಕ್ಯಾಸೆಟ್ಟಿಗೆ ಹಾಡಿಟ್ಟೆ. ನಾನಿಲ್ಲದಾಗ ಕೇಳಿ ಎಂದೆ. ಅವರು ಕ್ಯಾಬಿನ್ನಿನಲ್ಲೇ ಕೇಳುವ ಉಪಾಯ ಹುಡುಕಿದರು.

ನಮ್ಮ ಮನೆಯದೂ ಎಲ್ಲ ಕ್ಯಾಬಿನ್ನಿನ ಫೋನೂ ಒಂದೇ ತಂತಿಗೆ ಸೇರಿತ್ತು. ಕರೆಯಲು ಫೋನಿನ ಪಕ್ಕದ ಹಿಡಿ ತಿರುಗಿಸಿದರೆ ಎಲ್ಲ ಕಡೆಯೂ ಗಂಟೆ ಹೊಡೆದುಕೊಳ್ಳುತ್ತದೆ. ಆದ್ದರಿಂದ ಹಿಡಿ ಮುಟ್ಟದೆ, ಊಟದ ಸೈರನ್ ಕೂಗಿದೊಡನೆ ಇಬ್ಬರೂ ಫೋನ್ ಎತ್ತುವುದು, ನಾನು ಅದನ್ನು ರೆಕಾರ್ಡರಿಗೆ ಹಿಡಿದು ಕ್ಯಾಸೆಟ್ ಹಚ್ಚುವುದು ಎಂದಾಯಿತು. ಗಂಟೆಯೇ ಇಲ್ಲದಿದ್ದರೆ ಯಾರಿಗೆ ಗೊತ್ತಾಗಬೇಕು?

ನಿನ್ನೆ ನಲ್ಲಿಯ ಹತ್ತಿರ ಪಕ್ಕದ ಮನೆಯ ಹುಲಿಗೆಮ್ಮ ಕೊಡ ಇಳಿಸಿ, "ಅಲ್ವೇ, ಆ ಅರಿಶಿನದ ಹಾಡಿನ ಎರಡನೇ ನುಡಿ ನಂಗೂ ಹೇಳ್ಕೊಡೇ. ನಮ್ಮೋರಿಗೆ ಮೊದಲ್ನೇದು ಮಾತ್ರ ಬಾಯಿಗೆ ಬಂದಿದೆ" ಎಂದಳು.

ಅವಳ ಗಂಡ ಬೆಳ್ಳಪ್ಪ ಕೆಳಗಿನ ಕ್ಯಾಬಿನ್ನಿನವನು.

"ಎಲ್ಲಿ ಕೇಳಿದ್ರು?"

"ನೀರಿನ ಮಟ್ಟ ಹೇಳಕ್ಕೆ ಫೋನ್ ಎತ್ತಿದ್ರಂತೆ. ಈಗ ಎಲ್ಲಾ ಕ್ಯಾಬಿನ್ನೋರೂ ಸೈರನ್ನಿಗೇ ಕಾಯ್ತಾರೆ. ಅದು ಮುಗಿಯೋ ತನಕ ಬುತ್ತಿನೂ ಬಿಚ್ಚಲ್ಲ ಮಹರಾಯ್ರು."

ನನ್ನ ಕೊಡ ತುಂಬಿ ಹರಿದದ್ದು ನನಗೆ ಕಾಣಲಿಲ್ಲ.

ಸಂಜೆ ಇವರಿಗೆ ಹೇಳಿದರೆ ನಕ್ಕರು. "ಅದಕ್ಕೇ ದಿನಾ ಶಬ್ದ ಸಣ್ಣ ಆಗ್ತಿತ್ತು. ಒಬ್ಬೊಬ್ಬ ಫೋನ್ ಎತ್ತಿದಂಗೂ ನನ್ನ ಪಾಲು ಕಮ್ಮಿ." ಆಮೇಲೆ ಮೆಲ್ಲಗೆ, "ನಾಚ್ಕೆ ಆದ್ರೆ ನಿಲ್ಸು ಮಾರಾಯ್ತಿ. ಆದ್ರೆ ಅದಿಲ್ದೆ ಅಲ್ಲಿ ಅನ್ನ ಒಳಗಿಳಿಯಲ್ಲ" ಎಂದರು.

ಇವತ್ತೂ ಸೈರನ್ ಕೂಗಿತು. ಫೋನ್ ಎತ್ತಿದೆ.

"ಬಂದ್ರಾ?"

"ಬಂದೆ." ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ಎಷ್ಟು ಜನ ಎತ್ತಿಕೊಂಡಿದ್ದರೋ.

ರೆಕಾರ್ಡರಿನ ಗುಂಡಿಯ ಮೇಲಿಟ್ಟ ಬೆರಳನ್ನು ಒತ್ತದೆ ತೆಗೆದು, ಫೋನನ್ನು ಬಾಯಿಯ ಹತ್ತಿರ ತಂದೆ.

"ಇದು ನಮ್ಮನೆಯವರಿಗೆ ಅಂತ ಹಾಡಿದ್ದು. ಉಳಿದೋರು ದಯವಿಟ್ಟು ಫೋನ್ ಇಡಿ."

ಒಂದು ಫೋನೂ ಕೆಳಗಿಟ್ಟ ಸದ್ದಾಗಲಿಲ್ಲ.