ಮೂರೂವರೆ ತಾಸಿನ ದಾರಿ

ಗಜೇಂದ್ರಗಡದ ಡಾಕ್ಟರು ಇನ್ನು ಆಗುವುದಿಲ್ಲವೆಂದು ಮನೆಗೆ ಕಳಿಸಿದ ಮೇಲೆ, ಸೂಡಿಯ ನೀಲವ್ವ ಪಡಸಾಲೆಯಲ್ಲಿ ಬಾಗಿಲಿಗೆ ಮುಖ ಮಾಡಿ ಮಲಗಿದ್ದಳು. ಕೊನೆಯ ನೀರನ್ನು ಹೊಟ್ಟೆಯಲ್ಲಿ ಹುಟ್ಟಿದವರೇ ಬಾಯಿಗೆ ಬಿಡಬೇಕು ಎಂಬುದು ಆ ಮನೆತನದ ಪದ್ಧತಿ. ಹುಟ್ಟಿದವಳು ಮೇಘಾ ಒಬ್ಬಳೇ. ಅವಳೋ ದೇಶದ ಆ ತುದಿಯ ಪಾಸಿಘಾಟಿನಲ್ಲಿ, ಮಿಲಿಟರಿ ದವಾಖಾನೆಯ ನರ್ಸ್.

ಗಂಡನ ಅಣ್ಣನ ಹೆಂಡತಿ, ನೆಗೆಣ್ಣಿ ಹುಚ್ಚವ್ವ ಪಕ್ಕದಲ್ಲೇ ಇದ್ದಳು. ಗಂಡಂದಿರು ಹೋದ ಮೇಲೆ ಇಬ್ಬರೂ ಒಂದೇ ಒಲೆಯ ಮುಂದೆ ಮುದುಕಿಯರಾದವರು. ನೀಲವ್ವನನ್ನು ಕಾಡದೆ ಹುಚ್ಚವ್ವನಿಗೆ ರೊಟ್ಟಿ ಇಳಿಯುತ್ತಿರಲಿಲ್ಲ. ಅವಳು ಕಂಡ ಇರುವೆ ಹಿತ್ತಲಿನಿಂದ ಪಡಸಾಲೆಗೆ ಬರುವುದರೊಳಗೆ ಆನೆಯಾಗುತ್ತಿತ್ತು.

ಬೆಳಿಗ್ಗೆ ಹುಚ್ಚವ್ವನ ಮಗ ಭೀಮೇಶ ಮೊಬೈಲಿನಲ್ಲಿ ಪಾಸಿಘಾಟಿಗೂ ಹುಬ್ಬಳ್ಳಿಗೂ ಎಷ್ಟು ದೂರವೆಂದು ಹುಡುಕಿದ. ಎರಡೂವರೆ ಸಾವಿರ ಕಿಲೋಮೀಟರ್, ವಿಮಾನದಲ್ಲಿ ಮೂರೂವರೆ ತಾಸು ಎಂದು ತೋರಿಸಿತು. ಹುಚ್ಚವ್ವನಿಗೆ ಅಷ್ಟೇ ಸಾಕಾಯಿತು.

"ಏ ನೀಲೀ, ನಿನ್ನ ಮಗಳು ಇಮಾನದಾಗ ಕುಂತಾಳ. ನಾವು ರೋಣಕ್ಕ ಬಸ್ಸಿನ್ಯಾಗ ಹೋಗಿ ಬರೂದ್ರಾಗ ಆಕಿ ಹುಬ್ಬಳ್ಳ್ಯಾಗ ಇಳೀತಾಳ. ಆಕೀನ ನಿನಗ ನೀರ ಬಿಡತಾಳ."

ನೀಲವ್ವ ಅದನ್ನು ನಂಬಿ ಆಗಲೇ ತುಟಿ ಬಿಗಿಹಿಡಿದಳು. ಚಮಚ ತಂದರೆ ಮುಖ ತಿರುಗಿಸಿದಳು. ಹೊತ್ತೇರಿದಂತೆ ತುಟಿಗಳು ಬೇಸಿಗೆಯ ಎರೆಹೊಲದಂತೆ ಬಿರಿದವು. ಗಂಟಲಲ್ಲಿ ಉಸಿರು ಗೊರಗೊರ ಎನ್ನತೊಡಗಿತು.

ಮಧ್ಯಾಹ್ನ ಮೇಘಾಳ ಫೋನು ಬಂತು. ಅಂಗಳದಲ್ಲಿ ಮಾತಾಡಿ ಬಂದ ಭೀಮೇಶ ತಾಯಿಯನ್ನು ಮರೆಗೆ ಕರೆದು ಹೇಳಿದ. ಮೊಬೈಲು ತೋರಿಸಿದ್ದು ನಕ್ಷೆಯ ಮೇಲೆ ನೇರ ಎಳೆದ ಗೆರೆಯ ದೂರವಂತೆ. ಆ ಗೆರೆಯ ಮೇಲೆ ಯಾವ ವಿಮಾನವೂ ಹಾರುವುದಿಲ್ಲ. ಗುವಾಹಟಿ, ಕೋಲ್ಕತ್ತಾ, ಬೆಂಗಳೂರು ಎಂದು ಇಳಿದು ಹತ್ತಬೇಕು. ಇವತ್ತು ಮೋಡ ಕವಿದು ಮೊದಲನೆಯ ವಿಮಾನವೇ ಬಂದಿಲ್ಲ. ನಾಳೆ ರಾತ್ರಿ ಮುಟ್ಟಿದರೆ ಪುಣ್ಯ. ದೊಡ್ಡವ್ವನ ಕೈಯಿಂದಲೇ ಅವ್ವನಿಗೆ ನೀರು ಕುಡಿಸಿರಿ ಎಂದು ಮೇಘಾ ಅಲ್ಲೇ ಕೂತು ಅಳುತ್ತಿದ್ದಳಂತೆ.

ಹುಚ್ಚವ್ವ ಬಟ್ಟಲಲ್ಲಿ ನೀರು ತಂದು, ಅರಳೆ ಅದ್ದಿ, ನೀಲವ್ವನ ಕಿವಿಗೆ ಬಾಗಿದಳು.

"ನೀಲವ್ವಾ, ಮುಂಜಾನಿ ನಾ ಹೇಳಿದ್ದು ಸುಳ್ಳು. ಮೇಘಾ ಇವತ್ತ ಬರೂದಿಲ್ಲ. ನನ್ನ ಕೈಲೇ ಒಂದ ಹನಿ ಕುಡಿ ನಮ್ಮವ್ವ, ಖರೇ ಹೇಳಾಕತ್ತೀನಿ."

ನೀಲವ್ವ ಕಣ್ಣು ತೆರೆದು ಅವಳನ್ನು ನೋಡಿದಳು. ಹಾಲು ಕೊಡುವ ಎಮ್ಮೆ ಬಾವಿಗೆ ಬಿತ್ತೆಂದು ಸುಳ್ಳು ಹೇಳಿ ಓಡಿಸಿದವಳು, ಮೇಘಾ ಹುಟ್ಟಿದ ದಿನ ಕೂಸಿಗೆ ಮೀಸೆ ಇದೆಯೆಂದು ಅಳಿಸಿದವಳು. ತುಟಿಯ ತುದಿ ತುಸುವೇ ಅಲುಗಿತು. ಇದೂ ಅಂಥದೇ ಒಂದು ಆಟವೆಂದು ನಗುತ್ತಿದ್ದಳು.

"ಖರೇ ಐತಿ ಚಿಗವ್ವ" ಎಂದ ಭೀಮೇಶ. ಮಗನನ್ನೂ ಕೂಡಿಸಿಕೊಂಡಿಯಾ ಎಂಬಂತೆ ನೀಲವ್ವ ಕತ್ತು ಅಲ್ಲಾಡಿಸಿ ಮತ್ತೆ ಬಾಗಿಲು ನೋಡಿದಳು.

ಹುಚ್ಚವ್ವ ದೇವರ ಆಣೆ ಇಟ್ಟಳು, ಮಗನ ಆಣೆ ಇಟ್ಟಳು, ಅತ್ತಳು. ಆಣೆ ಹೆಚ್ಚಿದಷ್ಟೂ ನೀಲವ್ವನ ನಗು ಗಟ್ಟಿಯಾಯಿತು. ಅರಳೆ ಹಿಂಡಿದ ನೀರು ಕೆನ್ನೆಗುಂಟ ಇಳಿದು ದಿಂಬು ತೋಯಿಸಿತು.

ದೀಪ ಹಚ್ಚುವ ಮೊದಲೇ ಉಸಿರು ನಿಂತಿತು. ಬಿಗಿದ ತುಟಿ ಬಿಡಲಿಲ್ಲ. ಹುಚ್ಚವ್ವ ಬೆರಳಿನಿಂದ ಅದನ್ನು ಬಿಡಿಸಲು ಹೋದಳು. ಭೀಮೇಶ ಅವಳ ಕೈ ಹಿಡಿದುಕೊಂಡ.