ಮೂರನೆಯ ಸೂಜಿ

ಟೈಲರಮ್ಮನ ನಾಲಿಗೆ ಅವಳ ಕತ್ತರಿಗಿಂತ ಹರಿತ ಅನ್ನುವುದು ಇಡೀ ಬೀದಿಗೆ ಗೊತ್ತಿತ್ತು. ಸೊಸೆ ಮನೆ ತುಂಬಿದ ವಾರದಲ್ಲೇ ಅವಳಿಗೆ ‘ಗಡಿಯಾರ’ ಅಂತ ಹೆಸರಿಟ್ಟಿದ್ದಳು. ಮುಂದೆ ಊಟದ ತಟ್ಟೆಯಿರಲಿ, ಎದುರಿಗೆ ನೆಂಟರಿರಲಿ, ಒಂಬತ್ತಕ್ಕೆ ಫೋನು ಕಿರ್ ಎಂದರೆ ಸಾಕು, ಸೊಸೆ ಎದ್ದು ಹೋಗಿ ಮಾತ್ರೆ ನುಂಗಿ ಬರುತ್ತಿದ್ದಳು. ಎಚ್‌ಐವಿ, ಹುಟ್ಟುವಾಗಲೇ ತಾಯಿಯಿಂದ ಬಂದದ್ದು. ಮದುವೆಗೆ ಮುಂಚೆ ಅವಳೇ ಬಂದು, ಹೊಲಿಗೆ ಮಷೀನಿನ ಎದುರು ಸ್ಟೂಲಿನ ಮೇಲೆ ಕೂತು, ಏನನ್ನೂ ಮುಚ್ಚಿಡದೆ ಹೇಳಿದ್ದಳು. ಮಾತ್ರೆ ತಪ್ಪಿಸದೆ ಇದ್ದರೆ ನಿಮ್ಮ ಮಗನಿಗೆ ಅಂಟುವುದಿಲ್ಲ ಎಂದಿದ್ದಳು, ಅಂಟಿರಲೂ ಇಲ್ಲ. ಟೈಲರಮ್ಮ ಆಗ ಒಪ್ಪಿದ್ದು ಪ್ರೀತಿಯಿಂದೇನಲ್ಲ, ಮಗ ಹಟ ಹಿಡಿದು ಕೂತಿದ್ದ ಅಂತ. ಆದರೆ ಸಿಟಿ ಬಸ್ಸು ಓಡಿಸುವ ಹುಡುಗಿ, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಬರಬರುತ್ತಾ ಅತ್ತೆಗೆ ದೂರುವುದಕ್ಕೆ ಏನೂ ಸಿಗದೆ ಬೇಜಾರಾಗತೊಡಗಿತ್ತು.

ಮೊಮ್ಮಗ ಹುಟ್ಟಿದ ದಿನವೇ, ತಾಯಿಯ ರೋಗ ತಗುಲದಿರಲೆಂದು, ಬಾಯಿಗೆ ಔಷಧಿಯ ಹನಿ ಹಾಕಿದರು. ಸೊಸೆ ಇನ್ನೊಂದಕ್ಕೂ ಒಪ್ಪಿಕೊಂಡು ಬಂದಿದ್ದಳು. ತಾಯಿ ಮಾತ್ರೆ ತಿಂದರೂ ಮಗು ಎದೆಹಾಲು ಕುಡಿಯುವಷ್ಟು ಕಾಲ ಅಪಾಯ ಪೂರ್ತಿ ಹೋಗುವುದಿಲ್ಲ. ಅದಕ್ಕೇ ಆಸ್ಪತ್ರೆಯಲ್ಲಿ ಇಂಥ ತಾಯಂದಿರ ಎಳೆಗೂಸುಗಳಿಗೆ ಹೊಸ ಲಸಿಕೆಯೊಂದನ್ನು ಕೊಟ್ಟು, ಮೈಗೆ ಒಗ್ಗುತ್ತದೆಯೇ, ರೋಗ ತಡೆಯುವ ಶಕ್ತಿ ಕೊಡುತ್ತದೆಯೇ ಎಂದು ನೋಡುತ್ತಿದ್ದರು. ಮೂರು ಸಲ ಸೂಜಿ. ಕೆಲವು ಮಕ್ಕಳಿಗೆ ಲಸಿಕೆ, ಕೆಲವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅನ್ನುವುದು ಚುಚ್ಚುವ ನರ್ಸಿಗೂ ತಿಳಿಯದು.

“ಕೊಡೋರಿಗೇ ಗೊತ್ತಿಲ್ಲದ ಔಷಧಿನಾ?” ಎಂದು ಟೈಲರಮ್ಮ ಮೂಗು ಮುರಿದಿದ್ದಳು. “ಹೋಗಿ ಹೋಗಿ ನಮ್ಮನೆ ಕೂಸೇ ಬೇಕಿತ್ತಾ ಅವರಿಗೆ?”

ಮಗುವಿನ ರಕ್ತವನ್ನು ಹೊರಗೆಲ್ಲೂ ಪರೀಕ್ಷೆ ಮಾಡಿಸಬೇಡಿ ಎಂದೂ ಸೊಸೆ ಹೇಳಿದ್ದಳು. ಆಗ ಟೈಲರಮ್ಮ ಶಾಲೆಯ ಸಮವಸ್ತ್ರಗಳ ರಾಶಿ ಮುಂದಿಟ್ಟುಕೊಂಡು ಮಷೀನು ತುಳಿಯುತ್ತಿದ್ದಳು. ಮಾತು ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಟುಹೋಯಿತು.

ಎರಡನೆಯ ಸೂಜಿಯಾದ ಮಾರನೆಯ ದಿನ ಮಗುವಿಗೆ ಮೈ ಬಿಸಿಯಾಯಿತು, ತೊಡೆ ಊದಿತು, ಮತ್ತೆ ಇಳಿಯಿತು. ಊತವೇನೋ ಇಳಿಯಿತು, ಅಜ್ಜಿಯ ತಲೆಗೆ ಹೊಕ್ಕ ಹುಳ ಮಾತ್ರ ಹೊರಬರಲಿಲ್ಲ. ಮೂರನೆಯದು ನಾಳೆ ಎನ್ನುವಾಗ, ಸೊಸೆ ಬಸ್ಸಿಗೆ ಹೋದ ಹೊತ್ತು ನೋಡಿ, ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ಬೀದಿ ಮೂಲೆಯ ರಕ್ತಪರೀಕ್ಷೆಯವನ ಹತ್ತಿರ ಹೋದಳು.

ಅವನು ಎಳೆಯ ಹಿಮ್ಮಡಿಗೆ ಚುಚ್ಚಿ ಒಂದು ತೊಟ್ಟು ರಕ್ತವನ್ನು ಎಚ್‌ಐವಿ ಪರೀಕ್ಷೆಯ ಪಟ್ಟಿಯ ಮೇಲೆ ಬಿಟ್ಟ. ಒಂದು ಗೆರೆ ಮೂಡಿತು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು. ಅವನು ತಲೆಯೆತ್ತಲಿಲ್ಲ.

“ಎರಡು ಗೆರೆ ಬಂದ್ರೆ ಇದೆ ಅಂತಾನೇ ಅಮ್ಮಾ,” ಎಂದ.

ಸಂಜೆ ಸೊಸೆ ಕೆಲಸದ ಬಟ್ಟೆಯಲ್ಲೇ, ಹೆಗಲಿನ ಚೀಲ ಇಳಿಸುವ ಮೊದಲೇ ಎಲ್ಲವನ್ನೂ ಕೇಳಬೇಕಾಯಿತು. ಟೈಲರಮ್ಮ ಬಾಗಿಲಿಗೆ ಅಡ್ಡ ಕೂತಿದ್ದಳು. ಮಗ ಕೆಲಸದ ಮೇಲೆ ಪರವೂರಿಗೆ ಹೋಗಿದ್ದ.

“ನಿನ್ನಿಂದ ಬರದೇ ಇದ್ದ ರೋಗಾನ ಆ ಸೂಜಿಯಿಂದ ತರಿಸ್ಕೊಂಡೆ. ನಾಳೆ ಈ ಕೂಸು ಹೊಸಿಲು ದಾಟ್ಬೇಕಾದ್ರೆ ನನ್ನ ಹೆಣ ದಾಟ್ಕೊಂಡು ಹೋಗ್ಲಿ.”

ಸೊಸೆ ಕೂಗಾಡಲಿಲ್ಲ. ಕೈ ತೊಳೆದು ಬಂದು, ಮಗುವನ್ನು ಎತ್ತಿಕೊಂಡು, ಅತ್ತೆಯ ಎದುರೇ ನೆಲದ ಮೇಲೆ ಕೂತಳು.

“ಆ ಪಟ್ಟಿ ರೋಗಾಣುನ ಹುಡುಕಲ್ಲ ಅತ್ತೆ. ರೋಗಾಣು ವಿರುದ್ಧ ಮೈ ಸಾಕ್ಕೊಂಡಿರೋ ಕಾವಲುಗಾರರನ್ನ ಹುಡುಕುತ್ತೆ. ನನ್ನ ಮೈಲಿರೋ ಕಾವಲುಗಾರರು, ಇವನು ಹೊಟ್ಟೇಲಿದ್ದಾಗ್ಲೇ ಇವನಿಗೂ ಬಂದಿರ್ತಾರೆ. ಲಸಿಕೆಯಿಂದಾನೂ ಬಂದಿರಬಹುದು. ಆದ್ರೆ ಆ ಲಸಿಕೇಲಿ ರೋಗಾಣು ಇಲ್ಲ, ಅದರಿಂದ ರೋಗ ಬರಲ್ಲ. ರೋಗಾಣುನೇ ಹುಡುಕೋ ಪರೀಕ್ಷೆ ಬೇರೆ, ಅದು ಆಸ್ಪತ್ರೇಲಿ ಮಾಡ್ತಾರೆ.”

“ಹಾಗಾದ್ರೆ ಇವನಿಗಿಲ್ಲ ಅಂತ ನಿಂಗೆ ಖಾತ್ರಿನಾ?”

ಇನ್ನೊಬ್ಬಳಾಗಿದ್ದರೆ ಆ ಗಳಿಗೆಯಲ್ಲಿ ಒಂದು ಸುಳ್ಳು ಹೇಳಿ ಪಾರಾಗುತ್ತಿದ್ದಳು. ಈ ಹುಡುಗಿಗೆ ಆ ವಿದ್ಯೆ ಒಲಿದಿರಲಿಲ್ಲ.

“ಹೋದ ಸಲ ಇರ್ಲಿಲ್ಲ. ಈಗ ನಂಗೂ ಗೊತ್ತಿಲ್ಲ. ಹಾಲು ಕುಡಿತಿದಾನಲ್ಲ. ನಾಳೆ ನೀವೂ ಬನ್ನಿ.”

ಆಸ್ಪತ್ರೆಯ ಹಿಂಭಾಗದಲ್ಲಿ ಒಂದು ಉದ್ದನೆಯ ಕೋಣೆ. ಪ್ಲಾಸ್ಟಿಕ್ ಕುರ್ಚಿಗಳು, ಮಕ್ಕಳನ್ನು ತೂಗುವ ತಕ್ಕಡಿ, ಫಿನಾಯಿಲಿನ ವಾಸನೆ. ಟೈಲರಮ್ಮ ಶಾಲನ್ನು ಮೂಗಿನವರೆಗೆ ಎಳೆದುಕೊಂಡು ಕೂತಳು, ಬಟ್ಟೆ ಹೊಲಿಸುವವರು ಯಾರಾದರೂ ನೋಡಿಬಿಟ್ಟರೆ ಎಂದು. ಡಾಕ್ಟರು ಮಗುವಿನ ರಕ್ತ ತೆಗೆದು ಪಕ್ಕದ ಕೋಣೆಯ ಯಂತ್ರಕ್ಕೆ ಕಳಿಸಿದರು. ಮಧ್ಯಾಹ್ನದೊಳಗೆ ತಿಳಿಯುತ್ತದೆ ಎಂದರು.

ಕಾಯುತ್ತಾ ಕೂತಾಗ ಮಗುವಿನ ಟೊಪ್ಪಿಯ ದಾರ ಬಿಚ್ಚಿತು. ಸೊಸೆ ಕಟ್ಟಲು ಹೋದಳು, ಆಗಲಿಲ್ಲ. ಮತ್ತೆ ಹೋದಳು. ತುಂಬಿದ ಬಸ್ಸನ್ನು ಇಕ್ಕಟ್ಟಿನ ಓಣಿಯಲ್ಲಿ ತಿರುಗಿಸುವ ಕೈಗಳಿಗೆ ಒಂದು ಸಣ್ಣ ಗಂಟು ದಕ್ಕಲಿಲ್ಲ. ಟೈಲರಮ್ಮ ಅವುಗಳನ್ನು ಸರಿಸಿ ತಾನೇ ಗಂಟು ಹಾಕಿದಳು. ಹಿಂದಿನ ಎರಡು ಸಲವೂ ಇವಳು ಇಲ್ಲಿ ಒಬ್ಬಳೇ ಕೂತಿದ್ದಳಲ್ಲ, ಮನೆಗೆ ಬಂದು ತುಟಿ ಪಿಟಕ್ಕೆನ್ನದೆ ಪಾತ್ರೆ ತೊಳೆದಳಲ್ಲ ಎಂದು ನೆನೆದು ಮುದುಕಿಗೆ ತನ್ನ ಮೇಲೇ ಸಿಟ್ಟು ಬಂತು.

ಡಾಕ್ಟರು ಹೊರಗೆ ಬಂದು ನೇರವಾಗಿ ಸೊಸೆಯ ಹತ್ತಿರ ಬಗ್ಗಿದರು. “ರೋಗಾಣು ಇಲ್ಲ. ಮಗು ಚೆನ್ನಾಗಿದೆ.”

ಸೊಸೆ ಮಗುವಿನ ಹೊಟ್ಟೆಗೆ ಮುಖ ಒತ್ತಿಕೊಂಡು ಅತ್ತಳು. ಅವಳು ಅಳುವುದನ್ನು ಟೈಲರಮ್ಮ ನೋಡಿದ್ದು ಅದೇ ಮೊದಲು.

“ಮೂರನೇದು ನಿಮ್ಮಿಷ್ಟ,” ಎಂದರು ಡಾಕ್ಟರು. “ಬೇಡ ಅಂದ್ರೂ ಮಗುನ ನೋಡ್ಕೊಳ್ಳೋದು ನಾವು ನಿಲ್ಲಿಸಲ್ಲ.”

“ಬೇಡ,” ಎಂದು ಟೈಲರಮ್ಮ ಎದ್ದೇಬಿಟ್ಟಳು. “ಬದುಕಿದೆಯಾ ಬಡಜೀವವೇ ಅಂತ ಮನೆಗೆ ಹೋಗೋಣ, ಏಳು.”

ಸೊಸೆ ಕಣ್ಣೊರೆಸಿಕೊಂಡಳು. “ನಾನು ಹುಟ್ಟಿದಾಗ ನಮ್ಮಮ್ಮನ ಕೈಗೆ ಯಾವ ಔಷಧಿನೂ ಸಿಗ್ಲಿಲ್ಲ ಅತ್ತೆ. ಇವನಿಗೆ ಹುಟ್ಟಿದ ದಿನ ಹನಿ ಹಾಕಿದ್ರಲ್ಲ, ಅದನ್ನ ಮೊದಲು ಯಾವುದೋ ಮಗುಗೆ ಹಾಕಿ ನೋಡಿರ್ಬೇಕಲ್ಲ. ಅದರ ತಾಯಿ ಯಾರೋ ಏನೋ. ಅವಳೂ ಹೆದರಿಕೊಂಡೇ ಕೂತಿರ್ತಾಳೆ. ಎದ್ದು ಹೋಗ್ಲಿಲ್ಲ.”

ಟೈಲರಮ್ಮ ಮತ್ತೆ ಕುರ್ಚಿಗೆ ಕೂತಳು. ತನ್ನ ಹೊಲಿಗೆಯ ಹೊರತು ಬೇರೆ ಯಾವುದನ್ನೂ ಮೆಚ್ಚಿ ಅಭ್ಯಾಸವಿಲ್ಲದ ಆ ಹೆಂಗಸಿಗೆ, ಎದುರಿಗೆ ಕೂತ ಈ ಬಡಕಲು ಹುಡುಗಿಯ ಎದೆಗಾರಿಕೆ ಕಂಡು ಹೆಮ್ಮೆಯಾಯಿತು. ಇವಳು ನನ್ನ ಸೊಸೆ ಎಂದು ಬೀದಿಗೆಲ್ಲ ಕೇಳುವಂತೆ ಹೇಳಬೇಕೆನಿಸಿತು.

ನರ್ಸು ಸೂಜಿ ಹಿಡಿದು ಬಂದಳು. “ಕಾಲು ಯಾರು ಹಿಡ್ಕೊಳ್ತೀರಿ?”

“ನಾನು,” ಎಂದಳು ಟೈಲರಮ್ಮ. “ನೀನು ಆ ಕಡೆ ತಿರುಗು ಮಗಳೇ.”

ಸೂಜಿ ಇಳಿಯಿತು. ಮಗು ಕೋಣೆ ಹಾರಿಹೋಗುವಂತೆ ಕಿರುಚಿತು. ಅಜ್ಜಿ ಅದನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ಓಡಾಡಿದಳು. ಶಾಲು ಜಾರಿ ನೆಲಕ್ಕೆ ಬಿದ್ದದ್ದು ಅವಳ ಗಮನಕ್ಕೇ ಬರಲಿಲ್ಲ. ಕೊನೆಯ ಕುರ್ಚಿಯಲ್ಲಿ ಹಸಿ ಬಾಣಂತಿಯೊಬ್ಬಳು, ಕೆಂಪಗಿನ ಎಳೆಗೂಸನ್ನು ಎದೆಗವಚಿಕೊಂಡು, ಇದನ್ನೆಲ್ಲ ಕಣ್ಣರಳಿಸಿ ನೋಡುತ್ತಿದ್ದಳು.

“ಅಮ್ಮಾ, ಈ ಲಸಿಕೆ ಕೆಲಸ ಮಾಡುತ್ತಾ?” ಎಂದು ಮೆಲ್ಲಗೆ ಕೇಳಿದಳು.

ಟೈಲರಮ್ಮ ಅವಳ ಪಕ್ಕದಲ್ಲಿ ಕೂತಳು.

“ಯಾರಿಗೂ ಇನ್ನೂ ಗೊತ್ತಿಲ್ಲ ಕಣಮ್ಮ,” ಎಂದಳು. “ಅದಕ್ಕೇ ಬಂದಿದೀವಿ.”