ಡ್ರೈವರಣ್ಣ ಬಚ್ಚಲು ತೊಳೆದದ್ದು

ಮೊಮ್ಮಗಳು ಮೊದಲ ಸಲ ಮನೆಗೆ ಬರುತ್ತಾಳೆ ಎಂದರೆ ಯಾವ ಅಜ್ಜನಿಗೆ ತಾನೇ ಕೂತಲ್ಲಿ ಕೂರಲು ಆದೀತು? ಮೂರನೇ ಮಹಡಿಯ ಡ್ರೈವರಣ್ಣನಂತೂ ಒಂದು ವಾರದಿಂದ ಕೂತಿರಲಿಲ್ಲ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಸ್ಟಿಯರಿಂಗ್ ಹಿಡಿದ ಕೈಗೆ ಈಗ ಏನಾದರೊಂದು ಕೆಲಸ ಬೇಕು.

"ಏಳು ತಿಂಗಳಿಗೇ ಅಂಬೆಗಾಲಿಡ್ತಿದಾಳಪ್ಪ. ನೆಲದ ಮೇಲೆ ಸಿಕ್ಕಿದ್ದೆಲ್ಲ ಬಾಯಿಗೇ" ಎಂದು ಮಗಳು ಫೋನಿನಲ್ಲಿ ಹೇಳಿದ್ದೇ ತಡ, ಡ್ರೈವರಣ್ಣನ ಕಣ್ಣಿಗೆ ತನ್ನ ಮನೆ ಬೇರೆಯೇ ಆಗಿ ಕಾಣತೊಡಗಿತು. ಅಡುಗೆಮನೆಯ ನಲ್ಲಿಯ ಮೂತಿಗೆ ಸುಣ್ಣದಂತೆ ಬಿಳಿ ಪದರ ಕಟ್ಟಿತ್ತು. ಫ್ರಿಜ್ ತೆರೆದರೆ ಈರುಳ್ಳಿ ವಾಸನೆ. ಬಚ್ಚಲಲ್ಲಿ ಎರಡು ಚೊಂಬು ನೀರು ಸುರಿದರೆ ಪಾದ ಮುಳುಗುವಷ್ಟು ನಿಲ್ಲುತ್ತಿತ್ತು.

ಎದುರು ಮನೆಯಲ್ಲಿ ಆಸ್ಪತ್ರೆ ಅಕ್ಕ ಇದ್ದಳು. ದೊಡ್ಡಾಸ್ಪತ್ರೆಯ ವಾರ್ಡುಗಳನ್ನು ಹದಿನೆಂಟು ವರ್ಷದಿಂದ ತೊಳೆದು ಒರೆಸುವವಳು. ಮೆಟ್ಟಿಲ ಮೇಲೆ ಸಿಕ್ಕಾಗ ಡ್ರೈವರಣ್ಣ ತನ್ನ ಚಿಂತೆ ಹೇಳಿಕೊಂಡ.

"ಅದಕ್ಕ್ಯಾಕೆ ಅಷ್ಟು ತಲೆ ಕೆಡಿಸ್ಕೋತೀರ ಅಣ್ಣ? ನಲ್ಲಿಗೆ ನಿಂಬೆರಸ, ಫ್ರಿಜ್ಜಿಗೆ ಅಡುಗೆ ಸೋಡಾ. ಬಚ್ಚಲ ಪೈಪಿಗೆ ಒಂದು ತಂತಿ ಇದ್ರೆ ಮುಗೀತು. ಎಲ್ಲ ಮನೇಲೇ ಇರುತ್ತೆ" ಎಂದಳು.

ಡ್ರೈವರಣ್ಣ ನಕ್ಕುಬಿಟ್ಟ. "ನಿಂಬೆಹಣ್ಣು ಇರೋದು ಕುಡಿಯೋಕಮ್ಮ. ಡಿಪೋದಲ್ಲಿ ಬಸ್ ತೊಳೆಯೋದು ಕಂಡೋನು ನಾನು. ಮೂಗಿಗೆ ಹೊಡೀಬೇಕು, ಕಣ್ಣಲ್ಲಿ ನೀರು ಬರಬೇಕು, ಆಗ್ಲೇ ಕೊಳೆ ಹೆದರೋದು!"

ಆಸ್ಪತ್ರೆ ಅಕ್ಕನಿಗೆ ಡ್ಯೂಟಿಗೆ ಹೊತ್ತಾಗಿತ್ತು. ನಗುತ್ತಲೇ ಇಳಿದು ಹೋದಳು. ಡ್ರೈವರಣ್ಣ ಅಂಗಡಿಗೆ ಹೋಗಿ ನೀಲಿ, ಹಸಿರು, ಹಳದಿ ಎಂದು ಐದು ಬಾಟಲಿ ಹೊತ್ತು ತಂದ.

ಹೆಂಡತಿ ಟೈಲರಮ್ಮ ಮುಂದಿನ ಕೋಣೆಯ ಹೊಲಿಗೆ ಯಂತ್ರದಿಂದ ತಲೆಯೆತ್ತಿದಳು. "ಏನ್ರೀ ಇದು, ಮನೆ ತೊಳೀತೀರೋ, ಊರು ತೊಳೀತೀರೋ?"

"ನೀನು ಸುಮ್ನಿರೇ. ನನ್ನ ಮೊಮ್ಮಗಳು ಬರೋ ಮನೆ ಇದು."

ಮಗಳು ಬರುವ ದಿನ ಬೆಳಿಗ್ಗೆ ಡ್ರೈವರಣ್ಣ ಪ್ಯಾಂಟು ಮಡಚಿ ಬಚ್ಚಲಿಗೆ ಇಳಿದ. ವಾಸನೆ ಮನೆಗೆ ಬರದಿರಲಿ ಎಂದು ಬಾಗಿಲು ಹಾಕಿಕೊಂಡ. ಕಿಟಕಿಯನ್ನೂ ಮುಚ್ಚಿದ. ಮೊದಲು ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದ. ನೀರು ಕದಲಲಿಲ್ಲ. ಒಂದು ಬಾಟಲಿಗೆ ಆಗದ್ದು ಎರಡಕ್ಕೆ ಆಗದೇ ಇದ್ದೀತೇ ಎಂದುಕೊಂಡು ಅದರ ಮೇಲೆ ಬಟ್ಟೆ ಬಿಳುಪು ಮಾಡುವ ಬ್ಲೀಚ್ ಸುರಿದ.

ಅದು ಬುಸ್ಸೆಂದಿತು. ಹಸಿರು ಹಳದಿ ಬೆರೆತ ತೆಳು ಹೊಗೆ ಮೊಣಕಾಲಿನವರೆಗೆ ಎದ್ದಿತು. ಡ್ರೈವರಣ್ಣ ಬಗ್ಗಿ ನೋಡಿದ. ಯಾರೋ ಗಂಟಲಿಗೆ ಕೈ ಹಾಕಿ ಹಿಂಡಿದಂತಾಯಿತು. ಕೆಮ್ಮು ಶುರುವಾದದ್ದು ನಿಲ್ಲಲಿಲ್ಲ. ಕಣ್ಣು ಬಿಡಲಾಗಲಿಲ್ಲ. ಕತ್ತಲಲ್ಲಿ ತಡಕಾಡುವವನ ಹಾಗೆ ಗೋಡೆ ಸವರುತ್ತಾ ಚಿಲಕ ಹುಡುಕಿದ. ಸಿಕ್ಕಿತು. ಹೊರಗೆ ಬಂದು ಬಿದ್ದ.

ಟೈಲರಮ್ಮ ಓಡಿಬಂದಳು. ಒಂದೇ ಉಸಿರಿಗೆ ಅವಳ ಮೂಗೂ ಉರಿಯಿತು. ಬಚ್ಚಲ ಬಾಗಿಲನ್ನು ಕಾಲಿನಿಂದ ಎಳೆದು ಮುಚ್ಚಿ, ಗಂಡನ ತೋಳು ಹಿಡಿದು ದರದರನೆ ಹೊರಬಾಗಿಲಿನತ್ತ ಎಳೆದಳು. ಬಾಗಿಲು ತೆರೆದರೆ ಎದುರಿಗೇ ಮಗಳು! ಸೊಂಟದಲ್ಲಿ ಕೂಸು, ಕೈಯಲ್ಲಿ ಚೀಲ, ಮುಖದ ತುಂಬ ನಗು.

"ಅಲ್ಲೇ ನಿಲ್ಲು! ಒಳಗೆ ಕಾಲಿಡಬೇಡ!" ಎಂದು ಟೈಲರಮ್ಮ ಕೂಗಿದಳು.

ತವರಿನ ಹೊಸ್ತಿಲಲ್ಲಿ ಅಂಥ ಮಾತು ಕೇಳಿ ಮಗಳ ನಗು ಅಲ್ಲೇ ಇಂಗಿಹೋಯಿತು. ಮರುಕ್ಷಣ ಅಪ್ಪನ ಮುಖ ಕಂಡಳು. ಕೂಸನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು.

ಗಲಾಟೆ ಕೇಳಿ ಎದುರು ಬಾಗಿಲು ತೆರೆಯಿತು. ರಾತ್ರಿ ಪಾಳಿ ಮುಗಿಸಿ ಬಂದಿದ್ದ ಆಸ್ಪತ್ರೆ ಅಕ್ಕ ಗಾಳಿಯನ್ನು ಒಮ್ಮೆ ಮೂಸಿದಳು, ಅಷ್ಟೆ.

"ಆಸಿಡ್ ಜೊತೆ ಬ್ಲೀಚ್ ಹಾಕಿದ್ರಾ?"

ಡ್ರೈವರಣ್ಣ ಕೆಮ್ಮುತ್ತಲೇ ತಲೆಯಾಡಿಸಿದ.

"ಎಲ್ರೂ ಕೆಳಗಿಳೀರಿ. ತೆರೆದ ಗಾಳೀಲಿ ನಿಲ್ಲಿ. ಯಾರೂ ವಾಪಸ್ ಒಳಗೆ ಹೋಗಬಾರದು. ಅಣ್ಣ, ನೀವು ಈಗ್ಲೇ ಡಾಕ್ಟರ ಹತ್ರ. 'ಏನೂ ಆಗಿಲ್ಲ' ಅನ್ನೋ ಮಾತೇ ಬೇಡ. ಇದು ಒಂದೆರಡು ಗಂಟೆ ಬಿಟ್ಟು ಎದೆ ಹಿಡಿಯುತ್ತೆ."

ಆಸ್ಪತ್ರೆಯಲ್ಲಿ ಕಣ್ಣು ತೊಳೆದರು, ಮೂಗಿಗೆ ಆಮ್ಲಜನಕ ಇಟ್ಟರು, ಸಂಜೆಯವರೆಗೆ ಮಲಗಿಸಿಕೊಂಡರು. ಅಷ್ಟಕ್ಕೇ ಪಾರಾದ. ಹಾಸಿಗೆಯ ಪಕ್ಕದಲ್ಲಿ ಕೂತ ಅಕ್ಕ ಮೆಲ್ಲಗೆ ಹೇಳಿದಳು: "ಒಂದೊಂದೇ ಆದ್ರೆ ಅದದಕ್ಕೆ ಅದರದ್ದೇ ಕೆಲಸ ಇದೆ. ಎರಡೂ ಸೇರಿದ್ರೆ ವಿಷದ ಗಾಳಿ ಏಳುತ್ತೆ. ನಮ್ಮ ವಾರ್ಡಿಗೆ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಹೇಳಿಕೊಡೋ ಪಾಠ ಇದು. ಆವತ್ತು ಮೆಟ್ಟಿಲ ಹತ್ರ ನಿಂತು ನಿಮಗೂ ಹೇಳಬೇಕಿತ್ತು ನಾನು."

"ನೀನು ಹೇಳಿದ್ರೂ ನಾನು ಕೇಳ್ತಿರಲಿಲ್ಲ ಬಿಡಮ್ಮ" ಎಂದ ಡ್ರೈವರಣ್ಣ. "ಮಗಳು ಅರ್ಧ ಗಂಟೆ ಮುಂಚೆ ಬಂದಿದ್ರೆ? ಕೂಸು ಬಚ್ಚಲ ಬಾಗಿಲ ಹತ್ರ ಆಡ್ತಾ ಇದ್ದಿದ್ರೆ?" ಮೂವತ್ತೊಂದು ವರ್ಷದಲ್ಲಿ ಒಬ್ಬ ಪ್ರಯಾಣಿಕನಿಗೂ ತರಚುಗಾಯ ಮಾಡದ ಮನುಷ್ಯ ಆವತ್ತು ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಅಷ್ಟರಲ್ಲಿ ಅಕ್ಕ ಫೋನ್ ಮಾಡಿ ಕರೆಸಿದ್ದ ಅಗ್ನಿಶಾಮಕ ದಳದವರು ಮನೆಯ ಕಿಟಕಿಗಳನ್ನೆಲ್ಲ ತೆರೆದು, ಗಾಳಿ ಪೂರ್ತಿ ತಿಳಿಯಾದ ಮೇಲೆ, ಬಚ್ಚಲಿಗೆ ಬಕೆಟ್ಟುಗಟ್ಟಲೆ ತಣ್ಣೀರು ಬಿಟ್ಟಿದ್ದರು. ಆ ರಾತ್ರಿ ಎಲ್ಲರೂ ಅಕ್ಕನ ಮನೆಯಲ್ಲೇ ಚಾಪೆ ಹಾಸಿ ಮಲಗಿದರು.

ಮರುದಿನ ಅಕ್ಕನಿಗೆ ರಜೆ. ಸೀರೆ ಸೆರಗು ಸಿಕ್ಕಿಸಿ ಬಂದು, "ಬನ್ನಿ ಅಣ್ಣ, ನಿಮ್ಮ ಕೊಳೆ ನನ್ನ ನಿಂಬೆಹಣ್ಣಿಗೆ ಹೆದರುತ್ತೋ ಇಲ್ವೋ ನೋಡೇಬಿಡೋಣ" ಎಂದಳು.

ಡ್ರೈವರಣ್ಣನಿಗೆ ಇನ್ನೂ ಅರ್ಧ ಅನುಮಾನ. ಆದರೂ ವಿದ್ಯಾರ್ಥಿಯ ಹಾಗೆ ಹಿಂದೆ ನಿಂತ. ಅಕ್ಕ ಹಳೇ ಬಟ್ಟೆಯ ಚೂರನ್ನು ನಿಂಬೆರಸದಲ್ಲಿ ನೆನೆಸಿ ಅಡುಗೆಮನೆಯ ನಲ್ಲಿಯ ಮೂತಿಗೆ ಸುತ್ತಿ ದಾರ ಕಟ್ಟಿದಳು. "ಅರ್ಧ ಗಂಟೆ ಇದನ್ನ ಮುಟ್ಟಬಾರದು."

ಡ್ರೈವರಣ್ಣ ಐದು ನಿಮಿಷಕ್ಕೇ ಇಣುಕಿದ.

"ರೀ, ಸಿಗ್ನಲ್ ಇನ್ನೂ ಕೆಂಪಿದೆ!" ಎಂದು ಟೈಲರಮ್ಮ ಒಳಗಿನಿಂದ ಗದರಿದಳು. ಮಗಳು ಎಷ್ಟೋ ಹೊತ್ತು ನಕ್ಕಳು.

ಅಷ್ಟರಲ್ಲಿ ಬಚ್ಚಲ ಕೆಲಸ. ಅಕ್ಕ ಕೈಗೆ ರಬ್ಬರ್ ಗವಸು ಹಾಕಿಕೊಂಡು, ಬಟ್ಟೆ ನೇತುಹಾಕುವ ಹಳೇ ಹ್ಯಾಂಗರಿನ ತಂತಿ ನೆಟ್ಟಗೆ ಮಾಡಿ, ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿದಳು. ಬಚ್ಚಲ ಜಾಲರಿ ಎತ್ತಿ ತಂತಿ ಇಳಿಬಿಟ್ಟು ಎಳೆದರೆ, ಹಗ್ಗದ ಹಾಗೆ ಒಂದು ಗಂಟು ಹೊರಬಂತು. ಕೆಂಪು ದಾರ, ಹಸಿರು ದಾರ, ಕಪ್ಪು ದಾರ, ನಡುನಡುವೆ ಕೂದಲು.

"ನೋಡೇ, ನಿನ್ನ ಅಂಗಡಿ ಪೂರ್ತಿ ಇಲ್ಲೇ ಇದೆ!" ಎಂದ ಡ್ರೈವರಣ್ಣ.

"ಕೂದಲು ಮಾತ್ರ ನಿಮ್ಮದಲ್ಲ ಅಂತ ಗ್ಯಾರಂಟಿ. ಇದ್ರೆ ತಾನೇ ಉದುರೋಕೆ!" ಎಂದಳು ಟೈಲರಮ್ಮ.

ಪಾತ್ರೆ ತೊಳೆಯುವ ಸೋಪು ಎರಡು ಚಮಚ ಹಾಕಿ, ಮೇಲಿಂದ ಬಿಸಿನೀರು ಹೊಯ್ದರು. ನೀರು ಗಟಗಟನೆ ಇಳಿದುಹೋಯಿತು. ಡ್ರೈವರಣ್ಣ ನಂಬದೆ ಇನ್ನೊಂದು ಚೊಂಬು ಸುರಿದ. ಅದೂ ಇಳಿಯಿತು. ಮತ್ತೊಂದು ಸುರಿದ.

"ಸಾಕು ಅಣ್ಣ, ಟ್ಯಾಂಕಿ ಖಾಲಿಯಾಗುತ್ತೆ" ಎಂದು ಅಕ್ಕ ಚೊಂಬು ಕಸಿದುಕೊಂಡಳು.

ಅರ್ಧ ಗಂಟೆಗೆ ನಲ್ಲಿಯ ಬಟ್ಟೆ ಬಿಚ್ಚಿದರು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ನಾಲ್ಕು ಸಲ ತಿಕ್ಕಿದಾಗ ಬಿಳಿ ಪದರ ಪುಡಿಪುಡಿಯಾಗಿ ಉದುರಿತು. ಡ್ರೈವರಣ್ಣ ಬಗ್ಗಿ ನಲ್ಲಿಯಲ್ಲಿ ತನ್ನ ಮೀಸೆ ನೋಡಿಕೊಂಡ. ಫ್ರಿಜ್ಜಿನಲ್ಲಿ ಒಂದು ಬಟ್ಟಲು ಅಡುಗೆ ಸೋಡಾ ತೆರೆದಿಟ್ಟರು. ಗಿರಾಕಿಗಳು ಬಟ್ಟೆ ತೊಟ್ಟು ನೋಡುವ ಆಳೆತ್ತರದ ಕನ್ನಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಹತ್ತಿಬಟ್ಟೆಯಲ್ಲಿ ಉಜ್ಜಿದರು.

"ಒಂದು ಮಾತು ಕೇಳ್ತೀನಿ" ಎಂದ ಡ್ರೈವರಣ್ಣ. "ನಿಂಬೆರಸಕ್ಕೆ ಸೋಡಾ ಸೇರಿಸಿದ್ರೆ ಭಾರಿ ನೊರೆ ಬರುತ್ತಲ್ಲ, ಮೊಬೈಲಲ್ಲಿ ನೋಡಿದೀನಿ. ಅದು ಇನ್ನೂ ಗಟ್ಟಿ ಅಲ್ವಾ?"

"ನೊರೆ ಬರುತ್ತೆ ಅಣ್ಣ, ಕೊಳೆ ಹೋಗಲ್ಲ. ಒಂದರ ಬಲ ಇನ್ನೊಂದು ತಿಂದುಹಾಕುತ್ತೆ. ಅದರಿಂದ ಅಪಾಯ ಇಲ್ಲ, ದಂಡ ಅಷ್ಟೆ. ಆದ್ರೆ ನಿಂಬೆರಸ ಆಗ್ಲಿ, ವಿನೆಗರ್ ಆಗ್ಲಿ, ಬ್ಲೀಚ್ ಹತ್ರ ಮಾತ್ರ ಸುಳೀಬಾರದು. ನಿನ್ನೆಯಂಥದ್ದೇ ಗಾಳಿ ಏಳುತ್ತೆ."

"ಹಾಗಾದ್ರೆ ಬ್ಲೀಚ್ ಎಸೆದುಬಿಡ್ಲಾ?"

"ಯಾಕೆ ಎಸೀತೀರ? ಮನೇಲಿ ಯಾರಿಗಾದ್ರೂ ವಾಂತಿ ಭೇದಿ ಆದ್ರೆ ನೆಲ ಶುದ್ಧ ಮಾಡೋಕೆ ಅದೇ ಬೇಕು. ಆಗ ನಿಂಬೆಹಣ್ಣು ಸಾಲಲ್ಲ. ಬಾಟಲಿ ಮೇಲೆ ಬರೆದಷ್ಟೇ ನೀರಿಗೆ ಹಾಕಿ, ಅದೊಂದನ್ನೇ ಬಳಸಿ, ಕಿಟಕಿ ತೆರೆದಿಡಿ."

ಡ್ರೈವರಣ್ಣ ಬ್ಲೀಚನ್ನು ಒಂದು ಪೆಟ್ಟಿಗೆಯಲ್ಲೂ ಉಳಿದ ನಾಲ್ಕು ಬಾಟಲಿಗಳನ್ನು ಇನ್ನೊಂದರಲ್ಲೂ ಇಟ್ಟು, ಅಟ್ಟದ ಎರಡು ಮೂಲೆಗೆ ಸರಿಸಿ ಬೀಗ ಹಾಕಿದ. ಬೀಗದ ಕೈ ಹೆಂಡತಿಗೆ ಕೊಟ್ಟು, "ನನ್ನ ಮೇಲೆ ನನಗೇ ನಂಬಿಕೆ ಇಲ್ಲ, ನೀನೇ ಇಟ್ಕೋ" ಎಂದ.

ಮಗಳು ಕೂಸನ್ನು ನೆಲಕ್ಕೆ ಬಿಟ್ಟಳು. ಅದು ಅಂಬೆಗಾಲಿನಲ್ಲಿ ನೇರ ಕನ್ನಡಿಯ ಬಳಿ ಹೋಗಿ, ಒಳಗೆ ಇನ್ನೊಂದು ಕೂಸು ಕಂಡು ಕೇಕೆ ಹಾಕಿತು. ಎರಡೂ ಅಂಗೈ ಊರಿ, ತುಟಿ ಒತ್ತಿ, ಜೊಲ್ಲಿನ ಮುದ್ದು ಕೊಟ್ಟಿತು. ಮಗಳು ಎತ್ತಿಕೊಳ್ಳಲು ಓಡಿದಳು.

"ಬಿಡಮ್ಮ, ಅಲ್ಲಿ ನೀರು ಬಿಟ್ಟು ಬೇರೇನೂ ಹಚ್ಚಿಲ್ಲ" ಎಂದು ಡ್ರೈವರಣ್ಣ ನೆಲದ ಮೇಲೆಯೇ ಕೂತ. ಕೂಸು ತಿರುಗಿ ನೋಡಿ, ಯೋಚಿಸಿ, ಕನ್ನಡಿಯನ್ನು ಬಿಟ್ಟು ಅಜ್ಜನ ತೊಡೆ ಹತ್ತಿತು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಒಂದು ನಿಮಿಷ ಎದ್ದು ನಿಮ್ಮ ಬಚ್ಚಲಲ್ಲಿರುವ ಬಾಟಲಿಗಳನ್ನು ನೋಡಿ ಬನ್ನಿ. ಆಸಿಡ್ ಮತ್ತು ಬ್ಲೀಚ್ ಅಕ್ಕಪಕ್ಕ ಕೂತಿದ್ದರೆ ಇಂದೇ ಬೇರೆ ಮಾಡಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿಡಿ. ಯಾವ ಎರಡು ಬಾಟಲಿಯನ್ನೂ ಬೆರೆಸಬೇಡಿ. ಅಕಸ್ಮಾತ್ ಬೆರೆತು ಹೊಗೆ ಎದ್ದರೆ ಅದರ ಜೊತೆ ಹೋರಾಡಬೇಡಿ, ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ, ವೈದ್ಯರನ್ನು ಕಾಣಿ. ದಿನದಿನದ ಕೊಳೆಗೆ ಅಡುಗೆಮನೆಯ ನಿಂಬೆ, ಸೋಡಾ, ಸೋಪು, ಒಂದು ಹಳೇ ಬಟ್ಟೆ ಸಾಕು. ಜೊತೆಗೆ ಅರ್ಧ ಗಂಟೆಯ ತಾಳ್ಮೆ ಇರಲಿ. ನೀವು ಓದಿದ್ದನ್ನು ಪಕ್ಕದ ಮನೆಯವರಿಗೂ ಹೇಳಿ, ಮೆಟ್ಟಿಲ ಮೇಲೆ ಸಿಕ್ಕಾಗಲೇ ಹೇಳಿ. ಅವರು ನಕ್ಕರೆ ನಗಲಿ.